ತಪ್ಪು ಉತ್ತರದೊಳಗಿನ ಲೆಕ್ಕ

ರಾಮನವಮಿಯ ಮಧ್ಯಾಹ್ನ. ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಪಾನಕ ತುಂಬಿಸಿ, ತಂಗಿಯ ಮಗಳ ಮುಂದೊಂದು, ಅವಳ ಅಣ್ಣನ ಮುಂದೊಂದು ಇಟ್ಟೆ. ಅವಳಿಗೆ ಐದು ವರ್ಷ. ಬಗ್ಗಿ, ಕಣ್ಣನ್ನು ಲೋಟದ ಮಟ್ಟಕ್ಕೆ ತಂದು ನೋಡಿ, ‘ಸಮ ಇದೆ’ ಎಂದು ಒಪ್ಪಿಕೊಂಡಳು. ಅಷ್ಟರಲ್ಲಿ ಅಣ್ಣನ ಲೋಟದ ಅಂಚು ಒಡೆದಿರುವುದು ಕಾಣಿಸಿತು. ಅವಳ ಕಣ್ಣೆದುರಿಗೇ ಆ ಪಾನಕವನ್ನು ಒಂದು ಉದ್ದನೆಯ ಸಪೂರ ಲೋಟಕ್ಕೆ ಬಗ್ಗಿಸಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಅವಳ ಮುಖ ಸಣ್ಣದಾಯಿತು. ‘ಅಣ್ಣನಿಗೆ ಜಾಸ್ತಿ.’

ಅದೇ ಪಾನಕವಲ್ಲವೇ ಎಂದು ಅಜ್ಜಿ ಗದರಿದರು. ನಾನು ಅದನ್ನು ಮೊದಲಿನ ಅಳತೆಯದೇ ಮತ್ತೊಂದು ಲೋಟಕ್ಕೆ ಸುರಿದು ತೋರಿಸಿದೆ. ‘ಈಗ ಸಮ’ ಎಂದಳು. ಮತ್ತೆ ಉದ್ದ ಲೋಟಕ್ಕೆ ಸುರಿದೆ. ‘ಈಗ ಜಾಸ್ತಿ.’ ಹೇಗೆ ಎಂದು ಕೇಳಿದ್ದಕ್ಕೆ ಪಾನಕದ ಮೇಲ್ಮಟ್ಟಕ್ಕೆ ಬೆರಳಿಟ್ಟು, ‘ನೋಡು, ಇಲ್ಲಿಯವರೆಗೆ ಬಂದಿದೆ’ ಎಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಆಸೆಬುರುಕಿಯೂ ಅಲ್ಲ, ಉದ್ದ ಲೋಟವನ್ನು ಅವಳಿಗೇ ಕೊಟ್ಟಾಗ, ಈಗ ನನಗೆ ಜಾಸ್ತಿಯಾಯಿತು, ಅಣ್ಣನಿಗೆ ಸ್ವಲ್ಪ ಹಾಕು ಎಂದವಳು. ಅವಳ ಉತ್ತರದೊಳಗೆ ಒಂದು ಲೆಕ್ಕವಿತ್ತು: ಮಟ್ಟ ಏರಿದರೆ ಪ್ರಮಾಣವೂ ಏರುತ್ತದೆ. ಬಿಂದಿಗೆಗೆ ನೀರು ತುಂಬುವಾಗ, ಪಾತ್ರೆಗೆ ಹಾಲು ಹೊಯ್ಯುವಾಗ, ಡಬ್ಬಿಗೆ ಅಕ್ಕಿ ಸುರಿಯುವಾಗ ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಲೋಟ ಸಪೂರವಾದಾಗ ಮಾತ್ರ ಕೈಕೊಡುತ್ತದೆ.

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವವರು ಮನಶ್ಶಾಸ್ತ್ರಜ್ಞರಲ್ಲಿ ಪಿಯಾಜೆಗೆ ನಾಲ್ಕು ಹಂತ, ಎರಿಕ್‌ಸನ್‌ಗೆ ಎಂಟು, ಕೋಲ್‌ಬರ್ಗ್‌ಗೆ ಆರು ಎಂದು ಕೋಷ್ಟಕ ಬರೆದು ಬಾಯಿಪಾಠ ಮಾಡುತ್ತಾರೆ. ನಾನೂ ಹಾಗೆಯೇ ಓದಿದ್ದೆ. ಆ ಕೋಷ್ಟಕದಲ್ಲಿ ಹೆಸರುಗಳಿರುತ್ತವೆ, ವಯಸ್ಸುಗಳಿರುತ್ತವೆ, ಬೆರಳಿಟ್ಟು ತೋರಿಸುವ ಆ ಮಗು ಮಾತ್ರ ಇರುವುದಿಲ್ಲ. ಮನುಷ್ಯನ ವಿಕಾಸದ ಬಗ್ಗೆ ಕಳೆದ ನೂರು ವರ್ಷಗಳಲ್ಲಿ ಹುಟ್ಟಿದ ದೊಡ್ಡ ಸಿದ್ಧಾಂತಗಳಲ್ಲಿ ಹಲವು, ದೊಡ್ಡವರು ‘ತಪ್ಪು’ ಎಂದು ತಳ್ಳಿಹಾಕಿದ ಒಂದು ಉತ್ತರದ ಮುಂದೆ ಅಥವಾ ಒಂದು ಅಳುವಿನ ಮುಂದೆ ಯಾರೋ ತಾಳ್ಮೆಯಿಂದ ಕುಳಿತದ್ದರಿಂದ ಹುಟ್ಟಿದವು. ಹಾಗೆ ಓದಿಕೊಂಡರೆ ಅವು ನೆನಪಿನಲ್ಲಿ ಉಳಿಯುತ್ತವೆ, ಮನೆಯಲ್ಲೂ ತರಗತಿಯಲ್ಲೂ ಕೆಲಸಕ್ಕೆ ಬರುತ್ತವೆ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ‘ಬೆಳವಣಿಗೆ’ ಎಂದರೆ ಅಳೆಯಬಹುದಾದದ್ದು: ಎತ್ತರ, ತೂಕ, ತಲೆಯ ಸುತ್ತಳತೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದರ ಮೊದಲ ಅಂಗನವಾಡಿಗಳು ತೆರೆದದ್ದು ತಿ. ನರಸೀಪುರದಲ್ಲಿ. ಅಂದಿನಿಂದ ಇಂದಿನವರೆಗೂ ಕಾರ್ಯಕರ್ತೆಯರು ಮಗುವನ್ನು ತೂಗಿ ನಕ್ಷೆಯ ಮೇಲೆ ಚುಕ್ಕೆ ಇಡುವುದು ಬೆಳವಣಿಗೆಯ ಲೆಕ್ಕ. ‘ವಿಕಾಸ’ ಎಂಬುದು ತಕ್ಕಡಿಗೆ ಸಿಕ್ಕುವುದಿಲ್ಲ. ಯೋಚಿಸುವ ಬಗೆ, ನಂಬುವ ಬಗೆ, ಸರಿತಪ್ಪನ್ನು ತೂಗುವ ಬಗೆ ಕಾಲಕ್ರಮದಲ್ಲಿ ಬದಲಾಗುವುದೇ ವಿಕಾಸ. ಅದನ್ನು ನೋಡಬೇಕಾದರೆ ಮಗುವನ್ನು ಮಾತನಾಡಿಸಬೇಕು, ಆಡುವಾಗ ಗಮನಿಸಬೇಕು.

ಹಾಗೆ ಮಾತನಾಡಿಸಿದವರಲ್ಲಿ ಮೊದಲ ಸಾಲಿನವರು ಜೀನ್ ಪಿಯಾಜೆ. 1896ರಲ್ಲಿ ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿದವರು. ಹನ್ನೊಂದರ ಆಸುಪಾಸಿನಲ್ಲೇ ಬಿಳಿಚಿಕೊಂಡ ಒಂದು ಗುಬ್ಬಚ್ಚಿಯ ಬಗ್ಗೆ ಪುಟ್ಟ ಟಿಪ್ಪಣಿ ಪ್ರಕಟಿಸಿದ್ದ ಈ ಹುಡುಗ ಮುಂದೆ ಡಾಕ್ಟರೇಟ್ ಪಡೆದದ್ದು ಬಸವನಹುಳುವಿನ ಜಾತಿಯ ಮೃದ್ವಂಗಿಗಳ ಮೇಲೆ. ನಿಂತ ನೀರಿನಲ್ಲಿ ಉದ್ದವಾಗಿ ಬೆಳೆಯುವ ಚಿಪ್ಪು, ಅಲೆ ಬಡಿಯುವ ದಡದಲ್ಲಿ ಗುಂಡಗೆ ಬೆಳೆಯುತ್ತದೆ ಎಂಬುದು ಅವರನ್ನು ಬಹಳ ಕಾಡಿತು. ಜೀವಿಯೊಂದು ಪರಿಸರದೊಂದಿಗೆ ಹೆಣಗಾಡುತ್ತ ತನ್ನ ಆಕಾರವನ್ನೇ ಬದಲಿಸಿಕೊಳ್ಳುತ್ತದೆ ಎಂಬ ಆ ಚಿತ್ರ ಅವರ ತಲೆಯಿಂದ ಕೊನೆಯವರೆಗೂ ಹೋಗಲಿಲ್ಲ.

ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಅವರು ಪ್ಯಾರಿಸ್‌ನಲ್ಲಿದ್ದರು. ಅಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಬುದ್ಧಿ ಅಳೆಯುವ ಮೊದಲ ಪ್ರಶ್ನಾವಳಿಯನ್ನು ರೂಪಿಸಿದ್ದರು. (ಅದು ಕನ್ನಡಕ್ಕೂ ಬಂದಿತು. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಧಾರವಾಡ ಭಾಗದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಅದನ್ನು ಮರುರೂಪಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದರೆ ನಮ್ಮ ಮನಶ್ಶಾಸ್ತ್ರಜ್ಞರಿಗೆ ಚಿರಪರಿಚಿತ.) ಸಿಮೋನ್ ಅವರು ಪಿಯಾಜೆಗೆ ಒಪ್ಪಿಸಿದ್ದು ಅಂಥದೇ ಕೆಲಸ: ಮಕ್ಕಳಿಗೆ ತರ್ಕದ ಪ್ರಶ್ನೆ ಕೇಳುವುದು, ಸರಿ ಉತ್ತರಗಳನ್ನು ಎಣಿಸುವುದು. ಎಣಿಸುತ್ತ ಹೋದ ಪಿಯಾಜೆಯ ಗಮನ ತಪ್ಪು ಉತ್ತರಗಳ ಕಡೆಗೆ ಹೊರಳಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಏನೂ ಗೊತ್ತಿಲ್ಲದೆ ಊಹಿಸಿದ್ದರೆ ತಪ್ಪುಗಳು ದಿಕ್ಕಾಪಾಲಾಗಿರಬೇಕಿತ್ತು. ಅವುಗಳಲ್ಲಿ ಒಂದು ಕ್ರಮವಿದ್ದರೆ ಅವುಗಳ ಹಿಂದೆ ಒಂದು ಯೋಚನೆಯಿರಬೇಕು. ಆಮೇಲೆ ಅವರು ಅಂಕ ಹಾಕುವುದನ್ನು ಬಿಟ್ಟು, ಉತ್ತರದ ಬೆನ್ನಿಗೆ ಇನ್ನೊಂದು ಪ್ರಶ್ನೆ, ಅದರ ಬೆನ್ನಿಗೆ ಮತ್ತೊಂದು ಕೇಳುತ್ತ ಮಕ್ಕಳೊಂದಿಗೆ ಹರಟೆಗೆ ಕುಳಿತರು. ನೀನು ನಡೆದರೆ ಚಂದ್ರನೂ ನಡೆಯುತ್ತಾನೆಯೇ? ಗಾಳಿಗೆ ಜೀವವಿದೆಯೇ? ರಾತ್ರಿ ಬಸ್ಸಿನ ಕಿಟಕಿಯಲ್ಲಿ ಕುಳಿತ ನಮ್ಮ ಮಕ್ಕಳೂ ‘ಚಂದಮಾಮ ನಮ್ಮ ಜೊತೆಗೇ ಬರುತ್ತಿದ್ದಾನೆ’ ಎಂದು ಎಷ್ಟು ಖಚಿತವಾಗಿ ಹೇಳುತ್ತಾರೆ!

ಪಿಯಾಜೆ ಕಂಡುಕೊಂಡದ್ದನ್ನು ಹೀಗೆ ಹೇಳಬಹುದು. ಮಗುವಿನ ತಲೆ ತುಂಬಬೇಕಾದ ಖಾಲಿ ಕೊಡವಲ್ಲ. ಹುಟ್ಟಿದಾಗಿನಿಂದ ಅದು ಜಗತ್ತನ್ನು ಹಿಡಿಯಲು ಮನಸ್ಸಿನಲ್ಲಿ ಅಚ್ಚುಗಳನ್ನು ಕಟ್ಟಿಕೊಳ್ಳುತ್ತಿರುತ್ತದೆ. ಹಸುವಿಗೆ ‘ಅಂಬಾ’ ಎಂದು ಕಲಿತ ಮಗು ಎಮ್ಮೆಗೂ ಅಂಬಾ ಎನ್ನುತ್ತದೆ, ಜಾತ್ರೆಯಲ್ಲಿ ಕಂಡ ಕುದುರೆಗೂ ಅಂಬಾ ಎನ್ನುತ್ತದೆ. ಹೊಸದನ್ನು ಹಳೆಯ ಅಚ್ಚಿಗೆ ಸುರಿಯುವ ಈ ಕೆಲಸಕ್ಕೆ ಸ್ವಾಂಗೀಕರಣ ಎಂದು ಹೆಸರು. ಆದರೆ ಕುದುರೆ ಅಂಬಾ ಎನ್ನದೆ ಕೆನೆಯುತ್ತದೆ, ಅದಕ್ಕೆ ಕೊಂಬಿಲ್ಲ, ಜನ ಅದರ ಮೇಲೆ ಹತ್ತುತ್ತಾರೆ. ಅಚ್ಚು ಬಿರುಕು ಬಿಡುತ್ತದೆ. ಮಗು ಅದನ್ನು ಒಡೆದು ಎರಡು ಮಾಡಿಕೊಳ್ಳುತ್ತದೆ. ಇದು ಹೊಂದಾಣಿಕೆ. ಚಿಪ್ಪು ಅಲೆಗೆ ತಕ್ಕಂತೆ ಗುಂಡಗಾದ ಹಾಗೆ. ಈ ಎರಡರ ಜಗ್ಗಾಟದಲ್ಲಿ ಮನಸ್ಸು ಮತ್ತೆ ಮತ್ತೆ ಸಮತೋಲ ಕಳೆದುಕೊಂಡು, ಮತ್ತೆ ಮತ್ತೆ ಹೊಸ ಸಮತೋಲಕ್ಕೆ ಬರುತ್ತದೆ.

ಕನ್ನಡದ ಮನೆಯಲ್ಲಿ ಇದನ್ನು ಕಿವಿಯಿಂದಲೇ ಕೇಳಬಹುದು. ಮೂರು ವರ್ಷದ ಮಗು ‘ನಾನು ಬೀಳಿದೆ’ ಎನ್ನುತ್ತದೆ. ದೊಡ್ಡವರು ಯಾರೂ ಹಾಗೆ ಹೇಳುವುದಿಲ್ಲ, ಆದ್ದರಿಂದ ಅದು ಯಾರಿಂದಲೂ ಕೇಳಿ ಕಲಿತದ್ದಲ್ಲ. ನೋಡಿದೆ, ಆಡಿದೆ, ಓಡಿದೆ ಎಂಬ ಮಾತುಗಳಿಂದ ಮಗು ತಾನೇ ಒಂದು ಸೂತ್ರ ಹೆಕ್ಕಿ ‘ಬೀಳು’ವಿಗೂ ಹಚ್ಚಿದೆ. ವ್ಯಾಕರಣ ಎಂಬ ಪದವೇ ಗೊತ್ತಿಲ್ಲದ ಮಗು ವ್ಯಾಕರಣ ಕಟ್ಟುತ್ತಿದೆ. ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಲ್ಲೂ ಇಲ್ಲದ ಪದಗಳನ್ನು ಸೃಷ್ಟಿಸಿ ಮಕ್ಕಳಿಗೆ ಕೊಟ್ಟರೂ ಅವರು ಸರಿಯಾದ ಬಹುವಚನ ಮಾಡಿ ತೋರಿಸಿದರು. ‘ಬೀಳಿದೆ’ ಎಂದು ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಕೆಲವು ತಿಂಗಳಲ್ಲಿ ಅದು ತಾನಾಗಿ ‘ಬಿದ್ದೆ’ ಆಗುತ್ತದೆ, ತಿದ್ದುವ ಆತುರ ಬೇಕಿಲ್ಲ.

ಪಿಯಾಜೆಯ ನಾಲ್ಕು ಹಂತಗಳು ಈ ಕಟ್ಟೋಣದ ನಾಲ್ಕು ಘಟ್ಟಗಳು. ಸುಮಾರು ಎರಡು ವರ್ಷದವರೆಗೆ ಮಗು ಕೈ, ಬಾಯಿ, ಕಣ್ಣುಗಳಿಂದಲೇ ಯೋಚಿಸುತ್ತದೆ. ಸೆರಗಿನ ಹಿಂದೆ ಮರೆಯಾದ ಮುಖ ಅಲ್ಲಿಯೇ ಇದೆ ಎಂಬುದೂ ಅದಕ್ಕೆ ಒಂದು ಗೆಲುವು; ಆ ಆಟಕ್ಕೆ ಅದು ಅಷ್ಟು ಕಿಲಕಿಲ ನಗುವುದು ಬಹುಶಃ ಅದಕ್ಕೇ. ಎರಡರಿಂದ ಏಳರವರೆಗೆ ಮಾತು, ಚಿತ್ರ, ಕಲ್ಪನೆಗಳು ಬರುತ್ತವೆ, ಆದರೆ ಎತ್ತರವನ್ನೂ ಅಗಲವನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯುವುದು ಕಷ್ಟ. ಪಾನಕದ ಜಗಳ ನಡೆಯುವುದು ಇಲ್ಲೇ. ಏಳರಿಂದ ಹನ್ನೊಂದರ ನಡುವೆ ‘ತಿರುಗಿ ಸುರಿದರೆ ಅಷ್ಟೇ ಆಗುತ್ತದೆ’ ಎಂದು ಸುರಿಯದೆಯೇ ತಿಳಿಯುತ್ತದೆ. ಆಮೇಲೆ ‘ಒಂದು ವೇಳೆ ಹೀಗಾಗಿದ್ದರೆ’ ಎಂದು ಇಲ್ಲದ್ದನ್ನು ಇಟ್ಟುಕೊಂಡು ತರ್ಕಿಸುವ ಶಕ್ತಿ ಬರುತ್ತದೆ. ಬೀಜಗಣಿತವೂ ಹದಿಹರೆಯದ ವಾದಗಳೂ ಒಂದೇ ಹೊತ್ತಿಗೆ ಮನೆಗೆ ಬರುವುದು ಆಗ.

ಆದರೆ ಪಿಯಾಜೆಯ ಪ್ರಶ್ನೆಗಳಲ್ಲೇ ಒಂದು ತೊಡಕಿತ್ತು. ಅದನ್ನು ತೋರಿಸಿಕೊಟ್ಟವರು ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್. ಅವರು 1974ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಅಚ್ಚುಮೆಚ್ಚು. ಎರಡು ಸಾಲು ಬಿಲ್ಲೆಗಳನ್ನು ಸಮವಾಗಿ ಜೋಡಿಸಿ, ಎರಡರಲ್ಲೂ ಅಷ್ಟೇ ಇವೆಯೇ ಎಂದು ಕೇಳುವುದು. ಮಗು ಹೌದು ಎಂದ ಮೇಲೆ ದೊಡ್ಡವರು ಒಂದು ಸಾಲನ್ನು ಕದಲಿಸಿ ಉದ್ದವನ್ನು ಬದಲಿಸುವುದು. ಮತ್ತೆ ಅದೇ ಪ್ರಶ್ನೆ. ಹೀಗೆ ಕೇಳಿದಾಗ ನಾಲ್ಕರಿಂದ ಆರು ವರ್ಷದ ಹೆಚ್ಚಿನ ಮಕ್ಕಳು ತಪ್ಪಿದರು. ಇನ್ನೊಮ್ಮೆ ಆ ಸಾಲನ್ನು ದೊಡ್ಡವರು ಮುಟ್ಟಲಿಲ್ಲ. ಒಂದು ತುಂಟ ಕರಡಿ ಗೊಂಬೆ ಪೆಟ್ಟಿಗೆಯಿಂದ ಹಾರಿಬಂದು ಸಾಲನ್ನು ಚೆಲ್ಲಾಪಿಲ್ಲಿ ಮಾಡಿತು. ಈಗ ಹೆಚ್ಚಿನ ಮಕ್ಕಳು ಅಷ್ಟೇ ಇವೆ ಎಂದರು.

ಏನಾಯಿತು? ನಮ್ಮ ತರಗತಿಗಳನ್ನು ನೆನೆಸಿಕೊಂಡರೆ ಸಾಕು. ಉತ್ತರ ಹೇಳಿದ ಮೇಲೆ ಮೇಷ್ಟ್ರು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರೆ, ಮೊದಲನೆಯ ಉತ್ತರ ತಪ್ಪೆಂದು ನಾವೆಲ್ಲ ಅದನ್ನು ಬದಲಿಸಿದವರೇ. ದೊಡ್ಡವರು ಬೇಕೆಂದೇ ಏನೋ ಬದಲಾಯಿಸಿ ಮತ್ತೆ ಕೇಳಿದರೆ ಅದಕ್ಕೊಂದು ಅರ್ಥವಿರಲೇಬೇಕು ಎಂಬುದು ಮಗುವಿನ ಲೆಕ್ಕ. ಕರಡಿ ಮಾಡಿದ ಕಿತಾಪತಿಗೆ ಅಂಥ ಅರ್ಥವಿಲ್ಲ. ತಪ್ಪು ಉತ್ತರದ ಒಂದು ಪಾಲು ಪ್ರಶ್ನೆ ಕೇಳಿದವರದ್ದೂ ಆಗಿತ್ತು. ಆಮೇಲೆ ಬಂದ ಸಂಶೋಧಕರು ಮಗುವನ್ನು ಮಾತನಾಡಿಸದೆ, ಅದು ಯಾವುದನ್ನು ಎಷ್ಟು ಹೊತ್ತು ಬೆರಗಿನಿಂದ ನೋಡುತ್ತದೆ ಎಂದು ಅಳೆದರು. 1985ರ ಇಂಥ ಒಂದು ಪ್ರಯೋಗದಲ್ಲಿ ರೆನೆ ಬಯ್ಯಾರ್ಜನ್ ಮತ್ತು ಸಂಗಡಿಗರು, ಮರೆಯಾದ ವಸ್ತು ಇನ್ನೂ ಅಲ್ಲಿದೆ ಎಂಬ ಅರಿವು ಐದು ತಿಂಗಳ ಕೂಸಿಗೂ ಇರುವಂತೆ ಕಾಣುತ್ತದೆ ಎಂದು ತೋರಿಸಿದರು. ಪಿಯಾಜೆ ಅದನ್ನು ಎಂಟು ತಿಂಗಳ ಆಸುಪಾಸಿಗೆ ಇಟ್ಟಿದ್ದರು. ವಯಸ್ಸಿನ ಗೆರೆಗಳು ಸಡಿಲವಾದವು, ಆದರೆ ತಪ್ಪಿಗೂ ತನ್ನದೇ ತರ್ಕವಿದೆ ಎಂಬ ಮಾತು ಅಲುಗಲಿಲ್ಲ.

ಪಿಯಾಜೆಯ ಮಗು ಬಹುಮಟ್ಟಿಗೆ ಒಂಟಿ ವಿಜ್ಞಾನಿ. ಲೋಟ, ನೀರು, ತಾನು. ಅದೇ 1896ರಲ್ಲಿ ರಷ್ಯಾ ಸಾಮ್ರಾಜ್ಯದ ಓರ್ಶಾದಲ್ಲಿ ಹುಟ್ಟಿದ ಲೆವ್ ವೈಗಾಟ್‌ಸ್ಕಿ, ಆ ಚಿತ್ರದಲ್ಲಿ ಪಕ್ಕದಲ್ಲಿರುವ ಮನುಷ್ಯರೆಲ್ಲಿ ಎಂದು ಕೇಳಿದರು. ಕ್ಷಯ ಅವರನ್ನು 37ನೆಯ ವಯಸ್ಸಿಗೇ, 1934ರಲ್ಲಿ ಒಯ್ದಿತು. ಸೋವಿಯತ್ ಸರ್ಕಾರ ಅವರ ಬರಹಗಳನ್ನು ಹತ್ತಿಕ್ಕಿತು. ಹೊರಜಗತ್ತಿಗೆ ಅವರ ಮುಖ್ಯ ಕೃತಿ ಇಂಗ್ಲಿಷಿನಲ್ಲಿ ಸಿಕ್ಕಿದ್ದು 1962ರಲ್ಲಿ.

ಆಡುವ ಮಗು ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತದೆ: ‘ಇದನ್ನು ಇಲ್ಲಿ ಇಡಬೇಕು… ಬಿದ್ದುಹೋಯಿತು… ದೊಡ್ಡದು ಕೆಳಗೆ.’ ಕೇಳುವವರ ದೃಷ್ಟಿಯಿಂದ ನೋಡಲು ಬಾರದ ಪ್ರಾಯದ ಲಕ್ಷಣವಿದು ಎಂದು ಪಿಯಾಜೆ ಅಂದುಕೊಂಡಿದ್ದರು. ವೈಗಾಟ್‌ಸ್ಕಿ ಇನ್ನೂ ಹತ್ತಿರದಿಂದ ಆಲಿಸಿದರು. ಕೆಲಸ ಕಷ್ಟವಾದಷ್ಟೂ ಮಗುವಿನ ಈ ಸ್ವಗತ ಹೆಚ್ಚುತ್ತದೆ. ಅಮ್ಮ ಹೇಳಿಕೊಟ್ಟ ‘ದೊಡ್ಡದು ಕೆಳಗೆ ಇಡು’ ಎಂಬ ಮಾತನ್ನು ಮಗು ಈಗ ತನಗೆ ತಾನೇ ಹೇಳಿಕೊಳ್ಳುತ್ತಿದೆ. ಕೆಲವು ವರ್ಷಗಳಲ್ಲಿ ಆ ಮಾತು ಪಿಸುಗುಟ್ಟಾಗಿ, ಆಮೇಲೆ ಸದ್ದಿಲ್ಲದ ಯೋಚನೆಯಾಗಿ ಒಳಗಿಳಿಯುತ್ತದೆ. ಇಬ್ಬರ ನಡುವೆ ಇದ್ದದ್ದು ಒಬ್ಬರ ಒಳಗೆ ಸೇರುತ್ತದೆ.

ಇದರಿಂದಲೇ ಅವರ ಹೆಸರಾಂತ ‘ಸಮೀಪವರ್ತಿ ವಿಕಾಸ ವಲಯ’ ಬಂದದ್ದು. ಹೆಸರು ಭಾರ, ವಿಷಯ ಹಗುರ. ಮಗು ಇಂದು ಒಂಟಿಯಾಗಿ ಏನು ಮಾಡಬಲ್ಲದು ಎಂಬುದು ಒಂದು ಗೆರೆ. ತಿಳಿದವರೊಬ್ಬರು ಪಕ್ಕದಲ್ಲಿ ಕುಳಿತು ಸುಳಿವು ಕೊಟ್ಟರೆ ಏನು ಮಾಡಬಲ್ಲದು ಎಂಬುದು ಇನ್ನೊಂದು ಗೆರೆ. ಎರಡರ ನಡುವಿನ ಜಾಗದಲ್ಲೇ ಕಲಿಕೆ ನಡೆಯುತ್ತದೆ. ಒಂಟಿಯಾಗಿ ಒಂದೇ ಅಂಕ ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬಳು ಸ್ವಲ್ಪ ನೆರವಿನಿಂದ ಬಹುದೂರ ಹೋಗಬಹುದು, ಇನ್ನೊಬ್ಬಳು ಹೋಗದಿರಬಹುದು. ಅಂಕಪಟ್ಟಿ ಇದನ್ನು ಹೇಳುವುದಿಲ್ಲ. ಆ ನೆರವಿಗೆ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಕಟ್ಟಡದ ಕೆಲಸದಿಂದ ಒಂದು ಪದ ತಂದರು. ನಮ್ಮ ಗಾರೆ ಕೆಲಸದವರ ಮಾತಿನಲ್ಲಿ ಅದು ಸಾರುವೆ. ಗೋಡೆ ಏಳುವವರೆಗೆ ಬೊಂಬು ಕಟ್ಟಿ, ಗೋಡೆ ನಿಂತ ಮೇಲೆ ಬಿಚ್ಚುವುದು. ಬಿಚ್ಚುವುದನ್ನು ಮರೆತರೆ ಅದು ಸಾರುವೆಯಲ್ಲ.

ಇದನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಹೋಗಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ಆರಂಭಿಸಿದ ಪದ್ಧತಿ ಅದು. 2009ರ ಆಸುಪಾಸಿನಲ್ಲಿ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಕೋಣೆಯಲ್ಲಿ ಬೆಂಚುಗಳಿಲ್ಲ. ತಲೆಯ ಮೇಲೆ ಮಕ್ಕಳ ಚಿತ್ರಗಳು ತೂಗುವ ಕಲಿಕಾ ಚಪ್ಪರ, ಗೋಡೆಯ ಮೇಲೆ ಕಲಿಕಾ ಮೆಟ್ಟಿಲು, ನೆಲದ ಮೇಲೆ ಐದು ಗುಂಪು. ಶಿಕ್ಷಕರು ಅವುಗಳನ್ನು ‘ತಟ್ಟೆ’ ಎನ್ನುತ್ತಾರೆ. ಮೊದಲನೆಯ ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ನೆರವು, ಎರಡನೆಯದರಲ್ಲಿ ಅರೆ ನೆರವು, ಮೂರನೆಯದರಲ್ಲಿ ಗೆಳೆಯರ ಪೂರ್ಣ ನೆರವು, ನಾಲ್ಕನೆಯದರಲ್ಲಿ ಗೆಳೆಯರ ಅರೆ ನೆರವು, ಐದನೆಯದರಲ್ಲಿ ಮಗು ತಾನೇ. ಸಾರುವೆಯನ್ನು ಒಂದೊಂದೇ ಬೊಂಬಾಗಿ ಬಿಚ್ಚುವ ಕ್ರಮ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಕಾಣಬೇಕು? ಒಮ್ಮೆ ಅಂಥ ಕೋಣೆಯ ಮೂಲೆಯಲ್ಲಿ ಕುಳಿತಿದ್ದೆ. ಮೂರನೆಯ ತಟ್ಟೆಯಲ್ಲಿ ಒಬ್ಬ ಹುಡುಗಿ ತನಗಿಂತ ಚಿಕ್ಕವನಿಗೆ ‘ಜ’ ಬರೆಸುತ್ತಿದ್ದಳು. ಮೊದಲು ಅವನ ಕೈ ಹಿಡಿದು ತಿದ್ದಿಸಿದಳು. ಆಮೇಲೆ ಕೈ ಬಿಟ್ಟು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಕೊನೆಗೆ ಸುಮ್ಮನೆ ಅವನ ಮುಖ ನೋಡುತ್ತ ಕಾದಳು. ಕಾಯುವುದನ್ನು ಅವಳಿಗೆ ಯಾರು ಕಲಿಸಿದರೋ. ಮಕ್ಕಳ ಸಂಖ್ಯೆ ಹೆಚ್ಚಿ, ಎಲ್ಲ ಕೆಲಸವೂ ಒಬ್ಬರೇ ಶಿಕ್ಷಕರ ಹೆಗಲಿಗೆ ಬಿದ್ದ ಕಡೆ ಇದೇ ಪದ್ಧತಿ ಕಾರ್ಡು ಹಂಚುವ ಕೆಲಸವಾಗಿಬಿಡುತ್ತದೆ ಎಂಬುದೂ ನಿಜ. ಪಕ್ಕದಲ್ಲಿ ಕೂರುವವರಿಲ್ಲದೆ ಆ ವಲಯ ತೆರೆದುಕೊಳ್ಳುವುದಿಲ್ಲ.

ಪಕ್ಕದಲ್ಲಿ ಕೂರುವವರು ಇಲ್ಲದೇ ಹೋದರೆ ಏನಾಗುತ್ತದೆ ಎಂಬುದನ್ನು ಇನ್ನೊಂದು ದಾರಿಯವರು ನೋಡಿದರು. ಅವರ ಮುಂದಿದ್ದದ್ದು ಅಳು. 1920ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿ ಸಾಕು ಎಂದು ತಾಯಂದಿರಿಗೆ ಬುದ್ಧಿ ಹೇಳಿದ್ದರು. ಎತ್ತಿಕೊಂಡರೆ ಅಳುವ ಚಾಳಿ ಬೆಳೆಯುತ್ತದೆ ಎಂಬ ವಾದ ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಗ ಮಕ್ಕಳನ್ನು ನೋಡಲು ಹೆತ್ತವರಿಗೆ ಬಿಡುತ್ತಿದ್ದದ್ದೇ ಅಪರೂಪ. ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ‘ಹೊಂದಿಕೊಳ್ಳುತ್ತದೆ’ ಎಂದು ದಾದಿಯರು ನಂಬಿದ್ದರು. ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್ ಆ ಮೌನವನ್ನು ಬೇರೆಯಾಗಿ ಓದಿದರು. ಮೊದಲು ಪ್ರತಿಭಟನೆಯ ಅಳು, ಆಮೇಲೆ ಹತಾಶೆ, ಕೊನೆಗೆ ಕಳಚಿಕೊಳ್ಳುವುದು. ಸುಮ್ಮನಾದ ಮಗು ಸರಿಹೋಗಿರಲಿಲ್ಲ, ಆಸೆ ಬಿಟ್ಟಿತ್ತು. ಎರಡು ವರ್ಷದ ಮಗುವೊಂದು ಆಸ್ಪತ್ರೆಯಲ್ಲಿ ಕಳೆದ ದಿನಗಳನ್ನು ರಾಬರ್ಟ್‌ಸನ್ 1952ರಲ್ಲಿ ಚಲನಚಿತ್ರ ಮಾಡಿ ವೈದ್ಯರಿಗೆ ತೋರಿಸಿದರು. 1959ರಲ್ಲಿ ಬ್ರಿಟನ್ನಿನ ಸಮಿತಿಯೊಂದು ಹೆತ್ತವರಿಗೆ ಬಾಗಿಲು ತೆರೆಯಬೇಕೆಂದು ಶಿಫಾರಸು ಮಾಡಿತು. ನಮ್ಮ ಮಕ್ಕಳ ವಾರ್ಡುಗಳಲ್ಲಿ ಮಂಚದ ಪಕ್ಕ ಚಾಪೆ ಹಾಸಿ ಮಲಗುವ ತಾಯಿಗೆ ಈ ಸಿದ್ಧಾಂತ ಗೊತ್ತಿರಬೇಕಿಲ್ಲ. ಮಗುವಿಗೆ ಬೇಕಾದದ್ದು ಆಕೆ ಅಲ್ಲಿರುವುದು.

ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿಗಾಗಿ ಎಂಬ ಹಳೆಯ ನಂಬಿಕೆಯನ್ನು ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಕೋತಿಮರಿಗಳ ಪ್ರಯೋಗ ಮುರಿಯಿತು. ಹಾಲು ಕೊಡುವ ತಂತಿಯ ಗೊಂಬೆಗಿಂತ ಹಾಲಿಲ್ಲದ ಮೆತ್ತನೆ ಬಟ್ಟೆಯ ಗೊಂಬೆಯನ್ನೇ ಮರಿಗಳು ದಿನವಿಡೀ ಅಪ್ಪಿಕೊಂಡಿದ್ದವು. ಆ ಮರಿಗಳು ಅನುಭವಿಸಿದ ಸಂಕಟವನ್ನು ನೆನೆದರೆ ಓದುವುದೇ ಕಷ್ಟವಾಗುತ್ತದೆ. ಮನುಷ್ಯರ ಮಟ್ಟಿಗೆ ಅತಿ ದೊಡ್ಡ ಸಾಕ್ಷ್ಯ ಬಂದದ್ದು ರುಮೇನಿಯಾದಿಂದ. ಸರ್ವಾಧಿಕಾರಿ ಚೌಷೆಸ್ಕುವಿನ ಆಳ್ವಿಕೆ 1989ರಲ್ಲಿ ಬಿದ್ದಾಗ ಅಲ್ಲಿನ ಅನಾಥಾಲಯಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅನ್ನ, ಬಟ್ಟೆ, ಹಾಸಿಗೆ ಹೇಗೋ ಇತ್ತು. ತಮ್ಮವರು ಎನ್ನುವ ಮುಖವಿರಲಿಲ್ಲ. 2000ದ ಹೊತ್ತಿಗೆ ಬುಕಾರೆಸ್ಟಿನಲ್ಲಿ ಆರಂಭವಾದ ಅಧ್ಯಯನ 136 ಪುಟಾಣಿಗಳನ್ನು ಆರಿಸಿ, ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಸಾಕುಮನೆಗಳಿಗೆ ಕಳುಹಿಸಿತು. ಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಬಾಂಧವ್ಯವೂ ಮಿದುಳಿನ ಚಟುವಟಿಕೆಯೂ ಹೆಚ್ಚು ಸುಧಾರಿಸಿದವು.

ಈ ಬಾಂಧವ್ಯವನ್ನು ಅಳೆಯುವ ಬಗೆಯನ್ನು ರೂಪಿಸಿದವರು ಮೇರಿ ಐನ್ಸ್‌ವರ್ತ್. 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ ತಾಯಿ ಮಕ್ಕಳನ್ನು ನೋಡಿಬಂದ ಅವರು, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸುಮಾರು 20 ನಿಮಿಷದ ಒಂದು ಪರೀಕ್ಷೆ ಕಟ್ಟಿದರು. ಹೊಸ ಕೋಣೆ, ಆಟಿಕೆಗಳು, ಅಪರಿಚಿತೆ. ತಾಯಿ ಹೊರಗೆ ಹೋಗಿ ಮತ್ತೆ ಬರುತ್ತಾಳೆ. ನೋಡಬೇಕಾದದ್ದು ಮಗು ಅತ್ತಿತೇ ಎಂಬುದನ್ನಲ್ಲ, ತಾಯಿ ಮರಳಿದಾಗ ಏನು ಮಾಡಿತು ಎಂಬುದನ್ನು. ಓಡಿಬಂದು ಅಪ್ಪಿ ಸಮಾಧಾನಗೊಂಡು ಮತ್ತೆ ಆಟಕ್ಕೆ ಹೋದರೆ ಸುಭದ್ರ ಬಾಂಧವ್ಯ. ಮುಖ ತಿರುಗಿಸಿದರೆ ಒಂದು ಬಗೆ, ಅಪ್ಪಿಯೂ ಸಮಾಧಾನವಾಗದಿದ್ದರೆ ಇನ್ನೊಂದು ಬಗೆ. ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಇದೇ ಪರೀಕ್ಷೆ ಮಾಡಿದಾಗ ಮುಖ ತಿರುಗಿಸಿದ ಮಕ್ಕಳು ಹೆಚ್ಚಾಗಿ ಕಂಡರು, ಜಪಾನಿನ ಸಪ್ಪೊರೊದಲ್ಲಿ ಸಮಾಧಾನವಾಗದ ಮಕ್ಕಳು. ಜರ್ಮನಿಯ ಆ ತಾಯಂದಿರು ಬೇಗ ಸ್ವತಂತ್ರನಾಗು ಎಂದು ಬೆಳೆಸುತ್ತಿದ್ದರು. ಜಪಾನಿನ ಕೂಸುಗಳು ತಾಯಿಯಿಂದ ಹಾಗೆ ಬೇರೆಯಾದದ್ದೇ ಕಡಿಮೆ, ಕೋಣೆಯಲ್ಲಿ ಒಂಟಿಯಾಗುವುದು ಅವುಗಳಿಗೆ ಸಹಜ ಪರೀಕ್ಷೆಯಲ್ಲ, ದಿಗಿಲು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯ ಅಕ್ಕ ಎಲ್ಲರ ಸೊಂಟದ ಮೇಲೂ ಬೆಳೆಯುವ ನಮ್ಮ ಮಕ್ಕಳಿಗೆ ಆ ಕೋಣೆಯ ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂಬುದನ್ನೂ ಯೋಚಿಸಬೇಕಾಗುತ್ತದೆ.

ವಿಕಾಸ ಬಾಲ್ಯಕ್ಕೆ ಮುಗಿಯುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದವರು ಎರಿಕ್ ಎರಿಕ್‌ಸನ್. ತಂದೆ ಯಾರೆಂದು ಅವರಿಗೆ ಎಂದೂ ತಿಳಿಯಲಿಲ್ಲ. ಯಹೂದಿ ಮಂದಿರದಲ್ಲಿ ಹೊರಗಿನವನಂತೆ ಕಾಣುತ್ತಾನೆಂದೂ, ಶಾಲೆಯಲ್ಲಿ ಯಹೂದಿಯೆಂದೂ ಅಣಕಿಸಿಕೊಂಡ ಹುಡುಗ. ‘ನಾನು ಯಾರು’ ಎಂಬ ಹದಿಹರೆಯದ ಬಿಕ್ಕಟ್ಟಿಗೆ ಹೆಸರು ಕೊಟ್ಟವರು ಅವರೇ ಆದದ್ದು ಆಕಸ್ಮಿಕವಲ್ಲ. 1950ರಲ್ಲಿ ಅವರು ಮುಂದಿಟ್ಟ ಎಂಟು ಹಂತಗಳಲ್ಲಿ ಕೂಸಿನ ನಂಬಿಕೆ–ಅಪನಂಬಿಕೆಯಿಂದ ಮುಪ್ಪಿನ ಸಮಾಧಾನ–ಹತಾಶೆಯವರೆಗೆ ಒಂದೊಂದು ಜಗ್ಗಾಟವಿದೆ. ದ್ವಿತೀಯ ಪಿಯುಸಿ ಮುಗಿಸಿ, ಅಪ್ಪ ಹೇಳಿದ ಕೋರ್ಸಿಗೆ ಸೇರಲೊಲ್ಲದೆ, ತನಗೇನು ಬೇಕೆಂದೂ ಹೇಳಲಾಗದೆ ಕೋಣೆಯ ಬಾಗಿಲು ಹಾಕಿಕೊಂಡ ಹುಡುಗನನ್ನು ಸೋಮಾರಿ ಎನ್ನುವ ಮೊದಲು ಎರಿಕ್‌ಸನ್ ಅವರ ಒಂದು ಮಾತನ್ನು ಕೇಳಬೇಕು: ಈ ವಯಸ್ಸಿಗೆ ಒಂದಿಷ್ಟು ವಿರಾಮ ಬೇಕು, ಬೇರೆ ಬೇರೆ ವೇಷ ತೊಟ್ಟು ನೋಡುವ ಅವಕಾಶ ಬೇಕು. 1962ರಲ್ಲಿ ಅಹಮದಾಬಾದಿಗೆ ಬಂದ ಅವರು, ಅಲ್ಲಿ 1918ರಲ್ಲಿ ಗಾಂಧೀಜಿ ನಡೆಸಿದ ಗಿರಣಿ ಮುಷ್ಕರದ ಬೆನ್ನು ಹತ್ತಿ ಒಂದು ಗ್ರಂಥವನ್ನೇ ಬರೆದರು. ಅಲ್ಲಿ ಅವರನ್ನು ಕಂಡ ಎಂಜಿನಿಯರಿಂಗ್ ಪದವೀಧರ ಸುಧೀರ್ ಕಾಕರ್ ಮುಂದೆ ಮನೋವಿಶ್ಲೇಷಕರಾಗಿ, ಬ್ರಹ್ಮಚರ್ಯ, ಗೃಹಸ್ಥ ಮುಂತಾದ ನಮ್ಮ ಆಶ್ರಮಗಳ ಕಲ್ಪನೆಯನ್ನೂ ಈ ಎಂಟು ಹಂತಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು.

ಕೊನೆಯದು ಸರಿತಪ್ಪಿನ ವಿಕಾಸ. ಇಲ್ಲಿ ಕಥೆ ನಮ್ಮ ಮೈಸೂರಿಗೆ ಬರುತ್ತದೆ. ಲಾರೆನ್ಸ್ ಕೋಲ್‌ಬರ್ಗ್ 1958ರ ತಮ್ಮ ಪ್ರಬಂಧಕ್ಕಾಗಿ ಷಿಕಾಗೋ ಸೀಮೆಯ 72 ಹುಡುಗರಿಗೆ ಕಥೆಗಳನ್ನು ಹೇಳಿ ಪ್ರಶ್ನೆ ಕೇಳಿದರು. ಹೆಸರಾದ ಕಥೆ ಹೈನ್ಸ್‌ನದು: ಹೆಂಡತಿ ಸಾವಿನಂಚಿನಲ್ಲಿದ್ದಾಳೆ, ಔಷಧಿಯವನು ಹತ್ತು ಪಟ್ಟು ಬೆಲೆ ಹೇಳುತ್ತಾನೆ, ಅರ್ಧದಷ್ಟೇ ಹಣ ಸೇರಿದೆ, ಕದಿಯಬೇಕೇ? ಕದಿ ಅಥವಾ ಬೇಡ ಎಂಬುದಕ್ಕಿಂತ ಯಾಕೆ ಎಂಬುದು ಕೋಲ್‌ಬರ್ಗ್‌ಗೆ ಮುಖ್ಯ. ಶಿಕ್ಷೆಯ ಭಯದಿಂದ ಹಿಡಿದು, ನಾಲ್ಕು ಜನರ ಮೆಚ್ಚುಗೆ, ಕಾನೂನು, ಕೊನೆಗೆ ಎಲ್ಲರಿಗೂ ಅನ್ವಯಿಸುವ ನ್ಯಾಯತತ್ತ್ವದವರೆಗೆ ಆರು ಮೆಟ್ಟಿಲು. ಈ ಏಣಿಯಲ್ಲಿ ಸಂಬಂಧಗಳ ಹೊಣೆಯನ್ನು ಮುಂದಿಡುವವರು ಮಧ್ಯದ ಮೆಟ್ಟಿಲಲ್ಲೇ ಸಿಕ್ಕಿಬೀಳುತ್ತಾರೆ. 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರೊಲ್ ಗಿಲಿಗನ್, ಹೆಂಗಸರ ದನಿಯನ್ನು ಈ ಏಣಿ ಕೇಳಿಸಿಕೊಳ್ಳುತ್ತಿಲ್ಲ ಎಂದು ಆಕ್ಷೇಪಿಸಿದರು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಜೋನ್ ಮಿಲ್ಲರ್ ಅದೇ ಷಿಕಾಗೋದ ಜನರನ್ನೂ ಮೈಸೂರಿನ ಜನರನ್ನೂ ಮಾತನಾಡಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಊರಿನ ಎಂಟು, ಹನ್ನೊಂದು, ಹದಿನೈದು ವರ್ಷದ ಮಕ್ಕಳಿಗೂ ವಯಸ್ಕರಿಗೂ ಅವರು ಕೇಳಿದ್ದು ಸರಳ: ನಿಮಗೆ ಗೊತ್ತಿರುವವರು ಮಾಡಿದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಿ, ಅವರು ಹಾಗೇಕೆ ಮಾಡಿದರು? ಎಂಟು ವರ್ಷದ ಮಕ್ಕಳ ಉತ್ತರಗಳಲ್ಲಿ ಊರಿಗೂ ಊರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವಯಸ್ಸು ಏರಿದಂತೆ ಷಿಕಾಗೋದವರು ‘ಅವನ ಸ್ವಭಾವವೇ ಹಾಗೆ’ ಎಂಬ ಕಡೆಗೆ ಹೋದರು, ಮೈಸೂರಿನವರು ಸಂದರ್ಭ, ಸ್ಥಾನ, ಹೊಣೆಗಳ ಕಡೆಗೆ.

ಮೈಸೂರಿನ ಒಬ್ಬರು ಹೇಳಿದ ಘಟನೆ ಇದು. ಕೋರ್ಟಿಗೆ ಹೊರಟ ವಕೀಲನ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಸಿಡಿಯಿತು. ಹಿಂದೆ ಕುಳಿತವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ ಕೋರ್ಟಿಗೆ ಹೋದ. ಪೆಟ್ಟು ತಿಂದವನು ಉಳಿಯಲಿಲ್ಲ. ಅಮೆರಿಕದವರಿಗೆ ಇದನ್ನು ಹೇಳಿದಾಗ, ಆ ವಕೀಲ ಹೊಣೆಗೇಡಿ ಎಂಬಂಥ ಉತ್ತರಗಳು ಬಂದವು. ಘಟನೆ ಹೇಳಿದ ಆ ಮೈಸೂರಿನವರು ಮಾತ್ರ ಒಂದೊಂದಾಗಿ ಕಾರಣ ಎಣಿಸಿದ್ದರು: ತನ್ನನ್ನು ನಂಬಿದ ಕಕ್ಷಿದಾರನಿಗಾಗಿ ಕೋರ್ಟಿನಲ್ಲಿರುವುದು ಅವನ ಕರ್ತವ್ಯ, ಆ ಗಳಿಗೆಯಲ್ಲಿ ಅವನು ಗಾಬರಿಗೊಂಡಿದ್ದಿರಬೇಕು, ಬಿದ್ದವನ ಗಾಯ ಅಷ್ಟು ದೊಡ್ಡದೆಂದು ಆ ಹೊತ್ತಿಗೆ ಕಂಡಿರಲಿಕ್ಕಿಲ್ಲ.